ಪುನ್ನಾಟದ ಅಧ್ಯಯನ: ಗಂಗರ ನೆರಳಿನಿಂದಾಚೆಗೆ

ಕಪಿಲಾ ನದಿಯ ದಂಡೆಯ ಕಿತ್ತೂರನ್ನು, ಎಂದರೆ ಪ್ರಾಚೀನರ ಕೀರ್ತಿಪುರವನ್ನು, ರಾಜಧಾನಿಯಾಗಿ ಮಾಡಿಕೊಂಡು ಇಂದಿನ ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆಗೂ ಹರಡಿದ್ದ ಪುನ್ನಾಟ ರಾಜ್ಯವು ಚರಿತ್ರೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಗಂಗರ ಅವಿನೀತನು ಪುನ್ನಾಟದ ಸ್ಕಂದವರ್ಮನ ಮಗಳನ್ನು ವರಿಸಿದನು, ಅವರ ಮಗ ದುರ್ವಿನೀತನ ಕಾಲಕ್ಕೆ ಆ ನಾಡು ಗಂಗವಾಡಿಗೆ ಸೇರಿತು ಎಂಬಷ್ಟೇ ಆ ವಾಕ್ಯದ ಸಾರ. ಸ್ವತಂತ್ರ ರಾಜ್ಯವೊಂದನ್ನು ಮದುವೆಯ ಬಳುವಳಿಯಾಗಿ ಕಾಣುವ ಈ ರೂಢಿ ಸರಿಯಾದುದಲ್ಲ.

ಪುನ್ನಾಟದ ಹೆಸರು ಗಂಗರಿಗಿಂತ ಹಳೆಯದು. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ಅದನ್ನು ಬೆರಿಲ್ ಎಂಬ ಹಸಿರು ಛಾಯೆಯ ರತ್ನ ದೊರೆಯುವ ಸ್ಥಳವೆಂದು ಹೇಳಿದ್ದಾನೆ. ಜೈನ ಆಚಾರ್ಯ ಭದ್ರಬಾಹುವಿನ ಮುನಿಸಂಘವು ದಕ್ಷಿಣದ ಪುನ್ನಾಟಕ್ಕೆ ಬಂದ ಕಥೆಯನ್ನು ಹರಿಷೇಣನು 10ನೆಯ ಶತಮಾನದ ತನ್ನ ಬೃಹತ್ಕಥಾಕೋಶದಲ್ಲಿ ಹೇಳಿದ್ದಾನೆ. 783ರಲ್ಲಿ ಹರಿವಂಶಪುರಾಣವನ್ನು ಮುಗಿಸಿದ ಜಿನಸೇನನೂ ಪುನ್ನಾಟ ಸಂಘವೆಂಬ ಜೈನ ಮುನಿಪರಂಪರೆಯವನೇ.

ಆಧುನಿಕ ಅಧ್ಯಯನವು ಬಿ.ಎಲ್. ರೈಸ್ ಅವರಿಂದ ಮೊದಲಾಯಿತು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳನ್ನೊಳಗೊಂಡ, ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 4ನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಗಂಗರ ತಾಮ್ರಪಟಗಳಲ್ಲಿ ಬಹುಪಾಲು ಕೂಟ, ಎಂದರೆ ನಂತರದವರು ಸೃಷ್ಟಿಸಿದವು, ಎಂದು ಶಾಸನತಜ್ಞ ಫ್ಲೀಟ್ ಹೂಡಿದ ವಾದವು ಪಟಗಳ ನೈಜತೆಯ ಚರ್ಚೆಯನ್ನೇ ಮುನ್ನೆಲೆಗೆ ತಂದಿತು. ಅದರ ನಡುವೆ ಪುನ್ನಾಟವು ಹಿಂದೆ ಬಿದ್ದಿತು. ಬಿ.ಎ. ಸಾಲೆತ್ತೂರು ಅವರು ಅದನ್ನೇ ವಿಷಯವಾಗಿಸಿಕೊಂಡು ಬರೆದುದು ಈ ಕ್ಷೇತ್ರದ ನಿಜವಾದ ಆರಂಭವೆನ್ನಬೇಕು.

ಮುಂದಿನ ತಲೆಮಾರಿನ ಕೆಲಸಕ್ಕೆ ಗಟ್ಟಿ ನೆಲೆಯನ್ನು ಒದಗಿಸಿದುದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ. ಅದು ಪರಿಷ್ಕರಿಸಿ ಹೊರತಂದ ಸಂಪುಟಗಳಲ್ಲಿ ಗುಂಡ್ಲುಪೇಟೆಯ ಶಾಸನಗಳು 1974ರಲ್ಲೂ ಚಾಮರಾಜನಗರದವು 1975ರಲ್ಲೂ ಬಂದವು. ಬಿ. ಷೇಕ್ ಅಲಿಯವರ ಗಂಗರ ಇತಿಹಾಸ 1976ರಲ್ಲಿ ಪ್ರಕಟವಾಯಿತು, ಕೆ.ವಿ. ರಮೇಶ್ ಅವರು 1984ರ ಸಂಕಲನದಲ್ಲಿ ನೈಜ ಪಟಗಳನ್ನೂ ಕೂಟಪಟಗಳನ್ನೂ ಬೇರ್ಪಡಿಸಿದರು. ಲಿಪಿ, ಭಾಷೆ, ವಂಶಾವಳಿಗಳನ್ನು ಒಟ್ಟಿಗೆ ತೂಗುವ ಈ ಶಾಸನಪರಂಪರೆಯ ಶಿಸ್ತು ಇಂದಿಗೂ ಮಾದರಿಯಾದುದು.

ಆದರೆ ನೆಲದ ಸಾಕ್ಷ್ಯ ಇನ್ನೂ ಮೌನವಾಗಿದೆ. ಚಾಮರಾಜನಗರ ತಾಲ್ಲೂಕಿನ ನರಸಮಂಗಲದ ರಾಮೇಶ್ವರ ದೇವಾಲಯದಲ್ಲಿ ಇಟ್ಟಿಗೆಯ ವಿಮಾನದ ಮೇಲೆ ಗಾರೆಯ ದೇವತಾಮೂರ್ತಿಗಳು ಉಳಿದಿವೆ, ಪಕ್ಕದ ಗುಡಿಯಲ್ಲಿ ಸಪ್ತಮಾತೃಕೆಯರ ಶಿಲ್ಪಗಳಿವೆ. ಇವನ್ನು ಗಂಗಶೈಲಿಯೆಂದು ವರ್ಗೀಕರಿಸಿದವರು ಸ್ಥಳೀಯ ಕುಶಲಕರ್ಮಿಗಳ ಹಿಂದಿನ ಪರಂಪರೆಯನ್ನು ವಿಚಾರಿಸಲಿಲ್ಲ. ಪುನ್ನಾಟದ ರವಿದತ್ತನ ತಾಮ್ರಪಟವು ಘಟ್ಟದಾಚೆಯ ಕೊಮರಲಿಂಗಂನಲ್ಲಿ ದೊರೆತಿರುವಾಗ, ಗುಂಡ್ಲುಪೇಟೆಯಿಂದ ಕೊಂಗುನಾಡಿಗೆ ಇಳಿಯುವ ಹಾದಿಗಳನ್ನು ಕ್ರಮವಾಗಿ ಶೋಧಿಸಬೇಕಾಗಿತ್ತು.

ರೋಮನ್ನರಿಗಿಂತ ಮೊದಲೇ ಮಧ್ಯ ಇಟಲಿಯಲ್ಲಿ ನಗರಗಳನ್ನು ಕಟ್ಟಿದ ಎಟ್ರುಸ್ಕನ್ನರನ್ನೂ ಬಹುಕಾಲ ರೋಮಿನ ಪೀಠಿಕೆಯೆಂದೇ ಓದಲಾಗಿತ್ತು. ಅಧಿಕಾರಿಗಳ ಮುಂದೆ ಹಿಡಿಯುವ ಕೊಡಲಿಸಹಿತವಾದ ಕೋಲುಗಳ ಕಂತೆಯನ್ನೂ ಬಲಿಪಶುವಿನ ಯಕೃತ್ತಿನಿಂದ ಶಕುನ ನೋಡುವ ವಿದ್ಯೆಯನ್ನೂ ರೋಮನ್ನರು ಅವರಿಂದ ಪಡೆದರು. ಆದರೂ ತಾರ್ಕ್ವಿನಿಯಾ, ಚೆರ್ವೆತೆರಿಗಳ ಗೋರಿಗಳ ಅಧ್ಯಯನವೇ ಅವರನ್ನು ಅವರದೇ ಬೆಳಕಿನಲ್ಲಿ ತೋರಿಸಿತು. ಪುನ್ನಾಟಕ್ಕೂ ಅಂಥ ಉತ್ಖನನ ಬೇಕು. ಕಪಿಲೆಯಿಂದ ಮೋಯಾರಿನವರೆಗೆ ಊರೂರಿನ ಸಮೀಕ್ಷೆಯನ್ನು ವಿಶ್ವವಿದ್ಯಾಲಯಗಳೂ ಪುರಾತತ್ತ್ವ ಇಲಾಖೆಯೂ ಕೂಡಿ ಕೈಗೊಳ್ಳಬೇಕು. ಗಂಗರ ಚರಿತ್ರೆಯ ಮೊದಲ ಅಧ್ಯಾಯವೂ ಅದಿಲ್ಲದೆ ಪೂರ್ಣವಾಗದು.