ಅಕ್ಷರಗಳೇ ಕಿಟಕಿಯಾದ ಗೋರಿ

ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಗೋರಿಕೋಣೆಯ ಕಿಟಕಿಗಳನ್ನು ನೋಡದೆ ಬರಬೇಡಿ. ಕಲ್ಲಿನ ಚಪ್ಪಡಿಗಳನ್ನೇ ಅಲ್ಲಿ ಅರಬಿ ಬರಹವಾಗಿ ಕೊರೆದಿದ್ದಾರೆ. ಒಳಗೆ ಬೆಳಕು ಬರುವುದು ಅಕ್ಷರಗಳ ಸಂದಿನಿಂದ. ಆದಿಲ್‌ಶಾಹಿ ಸುಲ್ತಾನ ಎರಡನೇ ಇಬ್ರಾಹಿಂ ರಾಣಿ ತಾಜ್ ಸುಲ್ತಾನಾಳಿಗಾಗಿ ಇದನ್ನು ಕಟ್ಟಿಸಿದ. 1627ರಲ್ಲಿ ತೀರಿಕೊಂಡ ಅವನ ದಫನವೂ ಇಲ್ಲೇ ಆಯಿತು.

ಮದ್ರಸದ ಸ್ಲೇಟಿನಲ್ಲಿ ನಾವು ಬರೆದ ಅಲಿಫ್ ಒಂಟಿಯಾಗಿ ನಿಲ್ಲುತ್ತಿತ್ತು, ಚುಕ್ಕೆ ಬೇರೆಯೇ ಇರುತ್ತಿತ್ತು. ಕೊರೆದ ಕಲ್ಲಿನಲ್ಲಿ ಹಾಗಾಗದು. ಆಸರೆ ಇಲ್ಲದ್ದು ಕಳಚಿ ಬೀಳುತ್ತದೆ. ಪ್ರತಿ ಅಕ್ಷರವೂ ಪಕ್ಕದ ಅಕ್ಷರವನ್ನೋ ಚೌಕಟ್ಟನ್ನೋ ಹಿಡಿದುಕೊಂಡಿರಬೇಕು, ಓದಲೂ ಬರಬೇಕು. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತ ನನಗೆ ಆ ಕೆಲಸದ ಕಷ್ಟ ಗೊತ್ತು.

ಮೀಂಜದ ಆಸುಪಾಸಿನವರಲ್ಲಿ ಒಂದು ಮಾತು: ಹಳೆಯ ಪಳ್ಳಿ, ದರ್ಗಾಗಳನ್ನು ಹೊಸದು ಮಾಡುವಾಗ ಬರಹವಿರುವ ಹಲಗೆ, ಕಲ್ಲು ಸಿಕ್ಕಿದರೆ ಎಸೆಯಬೇಡಿ. ಮೊದಲು ಫೋಟೋ ತೆಗೆದು, ಉಸ್ತಾದರಿಂದ ಓದಿಸಿ, ಬರೆದಿಡಿ.