ಮುಂದಿನ ರಸ್ತೆಯ ಸುದ್ದಿ: ಒಂದು ಲೆಕ್ಕದ ಇತಿಹಾಸ

ಹಾಸನದಿಂದ ಮೈಸೂರಿಗೆ ಹೊಳೆನರಸೀಪುರದ ಮೂಲಕ ಹೋಗಬಹುದು. ಚನ್ನರಾಯಪಟ್ಟಣದ ಮೂಲಕ ಬಳಸಿಕೊಂಡೂ ಹೋಗಬಹುದು. ಯಾವ ದಾರಿಯಲ್ಲಿ ಎಷ್ಟು ವಾಹನಗಳು ಹೋಗುತ್ತವೆ? ಇಂಥ ಪ್ರಶ್ನೆಯನ್ನು 1920ರಲ್ಲಿ ಅರ್ಥಶಾಸ್ತ್ರಜ್ಞ ಪಿಗೂ ಎರಡು ರಸ್ತೆಗಳ ಉದಾಹರಣೆಯಾಗಿ ಎತ್ತಿದರು. 1952ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ಜಾನ್ ವಾರ್ಡ್ರಾಪ್ ಅದನ್ನು ನಿಯಮವಾಗಿಸಿದರು: ಬಳಕೆಯಲ್ಲಿರುವ ದಾರಿಗಳಲ್ಲೆಲ್ಲ ಪ್ರಯಾಣದ ಕಾಲ ಒಂದೇ ಆಗುವವರೆಗೆ ವಾಹನಗಳು ಹಂಚಿಹೋಗುತ್ತವೆ.

ಲೆಕ್ಕ ಮಾಡಿ ನೋಡೋಣ. ಅಂಕಿಗಳು ಊಹೆಯವು. ಹೊಳೆನರಸೀಪುರದ ದಾರಿ ಖಾಲಿಯಿದ್ದರೆ 100 ನಿಮಿಷ, ಚನ್ನರಾಯಪಟ್ಟಣದ್ದು 120 ನಿಮಿಷ. ಎರಡರಲ್ಲೂ ಪ್ರತಿ 10 ವಾಹನಕ್ಕೆ 1 ನಿಮಿಷ ಹೆಚ್ಚಳ. ಒಟ್ಟು 400 ವಾಹನಗಳಿದ್ದರೆ 300 ಮೊದಲನೆಯದರಲ್ಲಿ, 100 ಎರಡನೆಯದರಲ್ಲಿ ಹೋಗುತ್ತವೆ. ಎಲ್ಲರಿಗೂ 130 ನಿಮಿಷ. ಇದೇ ಅತ್ಯುತ್ತಮ ಹಂಚಿಕೆ ಎಂದುಕೊಳ್ಳಬೇಡಿ. 250 ಮತ್ತು 150 ಎಂದು ಹಂಚಿದರೆ ಸರಾಸರಿ 128.75 ನಿಮಿಷಕ್ಕೆ ಇಳಿಯುತ್ತದೆ. ಆದರೆ ಆಗ ಬಳಸು ದಾರಿಯವರಿಗೆ 135 ನಿಮಿಷ, ಉಳಿದವರಿಗೆ 125. ಪರರಿಗಾಗಿ 10 ನಿಮಿಷ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ?

ವಾರ್ಡ್ರಾಪ್ ಮಾದರಿಯಲ್ಲಿ ಚಾಲಕನಿಗೆ ಎಲ್ಲವೂ ಗೊತ್ತು. ನಿಜವಾದ ಚಾಲಕನಿಗೆ ಗೊತ್ತಿರುವುದು ನಿನ್ನೆಯ ಅನುಭವ, ಎದುರು ಬಂದ ಲಾರಿಯವನ ಮಾತು, ಈಗ ಮೊಬೈಲಿನ ನಕ್ಷೆ. ಆದ್ದರಿಂದ ಮುಂದಿನವರು ಆಯ್ಕೆಯನ್ನು ಸಂಭವನೀಯತೆಯಾಗಿ ಬರೆದರು. ಈ ಬಗೆಯ ಆಯ್ಕೆಯ ಗಣಿತಕ್ಕಾಗಿ ಡೇನಿಯಲ್ ಮೆಕ್‌ಫ್ಯಾಡನ್‌ಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಾದರೆ ಸುದ್ದಿ ಕೊಟ್ಟರೆ ದಟ್ಟಣೆ ತಗ್ಗುತ್ತದೆಯೇ? 1991ರಲ್ಲಿ ಆರ್ನಟ್, ಡಿ ಪಾಲ್ಮ ಮತ್ತು ಲಿಂಡ್ಸೆ ಇದನ್ನೇ ಪ್ರಬಂಧದ ಶೀರ್ಷಿಕೆಯಾಗಿಸಿದರು. ಯಾವಾಗಲೂ ತಗ್ಗುವುದಿಲ್ಲ ಎಂಬುದು ಉತ್ತರ. ಅದೇ ವರ್ಷ ಬೆನ್-ಅಕಿವ ಮತ್ತು ಸಂಗಡಿಗರು ಚಾಲಕರ ಅತಿಪ್ರತಿಕ್ರಿಯೆಯ ಅಪಾಯವನ್ನು ವಿವರಿಸಿದರು.

ನಮ್ಮ ಉದಾಹರಣೆಗೇ ಬನ್ನಿ. 'ಹೊಳೆನರಸೀಪುರದ ದಾರಿಯಲ್ಲಿ ದಟ್ಟಣೆ' ಎಂಬ ಸುದ್ದಿ ಕೇಳಿ 400 ವಾಹನಗಳೂ ಚನ್ನರಾಯಪಟ್ಟಣದತ್ತ ತಿರುಗಿದರೆ ಅಲ್ಲಿ 160 ನಿಮಿಷ. ಇದು ತಿಳಿದು ಮರುದಿನ ಎಲ್ಲರೂ ಹಿಂದಕ್ಕೆ ಬಂದರೆ ಇಲ್ಲಿ 140. ಭೌತವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗುರುತಿಸಬಲ್ಲರು: ತಡವಾಗಿ ಬರುವ ಹಿಮ್ಮಾಹಿತಿಯಿಂದ ವ್ಯವಸ್ಥೆ ಆಂದೋಲನಕ್ಕೆ ಬೀಳುತ್ತದೆ. ಬಚ್ಚಲಿನ ಬಿಸಿನೀರಿನ ನಲ್ಲಿಯನ್ನು ಅವಸರದಿಂದ ತಿರುಗಿಸಿದವರಿಗೂ ಇದು ಗೊತ್ತು. ಕೆಲವರು ಸುದ್ದಿಯನ್ನು ನಂಬದೆ ಹಳೆಯ ದಾರಿಯಲ್ಲೇ ಹೋಗುವುದು ಇಲ್ಲಿ ಉಪಕಾರವೇ. ಅವರು ಆಂದೋಲನವನ್ನು ತಗ್ಗಿಸುತ್ತಾರೆ.

ದಾರಿಯೇ ಮುಚ್ಚಿದಾಗ ಮಾತು ಬೇರೆ. 2018ರ ಜನವರಿಯಿಂದ ಜುಲೈವರೆಗೆ ಶಿರಾಡಿ ಘಾಟಿಯನ್ನು ಕಾಂಕ್ರೀಟ್ ಕಾಮಗಾರಿಗಾಗಿ ಮುಚ್ಚಲಾಗಿತ್ತು. ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಕಾರಿನವರಿಗೆ ಈ ಸುದ್ದಿ ಎಲ್ಲಿ ಸಿಕ್ಕಿತು ಎಂಬುದರ ಮೇಲೆ ಅದರ ಬೆಲೆ ನಿಂತಿತ್ತು. ಚನ್ನರಾಯಪಟ್ಟಣದಲ್ಲೇ ತಿಳಿದರೆ ಹೊಳೆನರಸೀಪುರ, ಅರಕಲಗೂಡು, ಕುಶಾಲನಗರದ ಮೂಲಕ ಮಡಿಕೇರಿ ಸೇರಿ ಸಂಪಾಜೆಯಲ್ಲಿ ಇಳಿಯಬಹುದು. ಹಾಸನದಲ್ಲಿ ತಿಳಿದರೆ ಅರಕಲಗೂಡಿನತ್ತಲೋ, ಬೇಲೂರು ಹಾದು ಚಾರ್ಮಾಡಿಯತ್ತಲೋ ತಿರುಗಬಹುದು. ಸಕಲೇಶಪುರದಲ್ಲಿ ತಿಳಿದರೆ ಸುಮಾರು 40 ಕಿ.ಮೀ. ಮುಂದೆ ಬಂದಾಗಿರುತ್ತದೆ, ಹಾಸನದ ಕವಲುಗಳು ಹಿಂದೆ ಉಳಿದಿರುತ್ತವೆ. ಮಾದರಿ ಬರೆಯುವವರು ಕವಲುಗಳನ್ನು ಮೊದಲು ಗುರುತಿಸುವುದು ಇದಕ್ಕೇ.

ಅದೇ ಆಗಸ್ಟಿನ ಮಳೆಯಲ್ಲಿ ಭೂಕುಸಿತದಿಂದ ಶಿರಾಡಿ ಮತ್ತೆ ಮುಚ್ಚಿತು. ಮಡಿಕೇರಿ–ಸಂಪಾಜೆ ರಸ್ತೆಯೂ ಕುಸಿಯಿತು. ಈಗ 'ಶಿರಾಡಿ ಬಂದ್' ಎಂಬಷ್ಟೇ ಸುದ್ದಿ ಕೇಳಿ, ವಸಂತದಲ್ಲಿ ಕಲಿತ ಪಾಠದಂತೆ ಅರಕಲಗೂಡಿನತ್ತ ತಿರುಗುವ ಚಾಲಕನನ್ನು ಊಹಿಸಿ. ಸುದ್ದಿ ಸುಳ್ಳಲ್ಲ, ತರ್ಕವೂ ತಪ್ಪಲ್ಲ. ಆದರೂ ಆತ ತಲುಪುವುದು ಕುಸಿಯುತ್ತಿರುವ ಗುಡ್ಡಗಳ ಬುಡಕ್ಕೆ. ಒಂದು ರಸ್ತೆಯ ಸ್ಥಿತಿಯನ್ನು ಬೇರೆಯಾಗಿ ಹೇಳದೆ, ಅದೇ ಮಳೆಗೆ ಸಿಕ್ಕ ಎಲ್ಲ ಘಾಟಿಗಳ ಸ್ಥಿತಿಯನ್ನು ಒಟ್ಟಿಗೆ ಹೇಳುವ ಮಾದರಿ ಅವನಿಗೆ ಬೇಕಾಗಿತ್ತು.