ಮಿಜಾಜು, ಪ್ರಕೃತಿ ಮತ್ತು ಮೈಸೂರಿಗೆ ಬಂದ ಯುಂಗ್

ಮಿರ್ಲೆಯ ಕಡೆ ನಮ್ಮ ಮನೆಗಳಲ್ಲಿ ಹಿರಿಯರು ಎದುರಾದರೆ ಮೊದಲು ಕೇಳುವುದು 'ಮಿಜಾಜ್ ಹೇಗಿದೆ' ಎಂದು. ಪಕ್ಕದ ಮನೆಯ ಅಜ್ಜಿ ಅದೇ ಮನುಷ್ಯನನ್ನು ನೋಡಿ 'ಅವನದು ಉಷ್ಣದ ಮೈ ಕಣಪ್ಪ, ಪಿತ್ತ ನೆತ್ತಿಗೇರಿದೆ' ಎನ್ನುತ್ತಾರೆ. ಒಂದರ ಹಿಂದೆ ಗ್ರೀಸಿನಿಂದ ಬಗ್ದಾದಿನ ದಾರಿಯಾಗಿ ಬಂದ ಯುನಾನಿ, ಇನ್ನೊಂದರ ಹಿಂದೆ ಚರಕನ ಆಯುರ್ವೇದ. ಮನುಷ್ಯ ಎಂಥವನು ಎಂದು ವಿಂಗಡಿಸುವ ಎರಡು ಹಳೆಯ ಪದ್ಧತಿಗಳು ಒಂದೇ ಬೀದಿಯಲ್ಲಿ ಬಾಳುತ್ತಾ ಬಂದಿವೆ. ಈಗ ಮೂರನೆಯದೂ ಬಂದಿದೆ. ಓದಿದ ಹುಡುಗರು ಪ್ರಶ್ನಾವಳಿ ತುಂಬಿ, ನಾಲ್ಕು ಇಂಗ್ಲಿಷ್ ಅಕ್ಷರ ಪಡೆದು, 'ನಾನು ಇಂಥವನು' ಎನ್ನುತ್ತಿದ್ದಾರೆ.

ಯುನಾನಿಯಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ. ಯಾವುದು ಮೇಲುಗೈಯೋ ಅದರಂತೆ ಮನುಷ್ಯ ದಮ್ವಿ, ಬಲ್ಗಮಿ, ಸಫ್ರಾವಿ ಅಥವಾ ಸೌದಾವಿ. ಉರ್ದುವಿನಲ್ಲಿ ಹುಚ್ಚನಿಗೆ 'ಸೌದಾಯಿ' ಎನ್ನುವುದು ಈ ಕೊನೆಯ ರಸದಿಂದಲೇ. ಆದರೆ ಹಕೀಮರಿಗೆ ಮಿಜಾಜು ಹುಟ್ಟಿನಿಂದ ಸಾವಿನವರೆಗೆ ಒಂದೇ ಆಗಿರುವ ವಸ್ತುವಲ್ಲ. ಎಳೆಯನ ಮಿಜಾಜು ಬೇರೆ, ಮುದುಕನದು ಬೇರೆ. ಬೇಸಿಗೆಯದು ಬೇರೆ, ಮಳೆಗಾಲದ್ದು ಬೇರೆ. ಗಾಳಿ, ಅನ್ನ-ನೀರು, ನಿದ್ದೆ, ಮನಸ್ಸಿನ ತಳಮಳ ಎಲ್ಲವೂ ಅದನ್ನು ಅಲುಗಿಸುತ್ತವೆ. ಇಬ್ನ್ ಸೀನಾ ತಮ್ಮ 'ಕಾನೂನ್'ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದೂಸ್ತಾನದವನಿಗೆ ಆರೋಗ್ಯವೆನಿಸುವ ಹದವನ್ನು ಉತ್ತರದ ಸ್ಲಾವ್ ಜನರ ಮೈಗೆ ತಂದರೆ ಅವರು ಕಾಯಿಲೆ ಬೀಳುತ್ತಾರೆ ಎನ್ನುತ್ತಾರೆ. ಎಲ್ಲರಿಗೂ ಒಂದೇ ಸರಿಯಾದ ಹದವೆಂಬುದು ಇಲ್ಲ. ಚರಕನ ವಾತ, ಪಿತ್ತ, ಕಫ ಪ್ರಕೃತಿ ಹುಟ್ಟಿನಿಂದ ಬಂದದ್ದಾದರೂ ಮಿಶ್ರ ಪ್ರಕೃತಿಯವರಿಗೂ ಅಲ್ಲಿ ಜಾಗವಿದೆ. ಎರಡರಲ್ಲೂ ವಿಂಗಡಣೆ ಔಷಧಿ ಕೊಡುವುದಕ್ಕೆ, ಹೆಸರಿಡುವುದಕ್ಕಲ್ಲ.

ಆ ನಾಲ್ಕು ಅಕ್ಷರಗಳ ಮೂಲ ಸ್ವಿಟ್ಜರ್ಲೆಂಡಿನ ಕಾರ್ಲ್ ಯುಂಗ್. ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದವನ್ನು ಅವರು 1921ರ ಪುಸ್ತಕದಲ್ಲಿ ಬೆಳೆಸಿದರು. ಅವರು ನಮ್ಮ ಸೀಮೆಗೂ ಬಂದಿದ್ದರು. ಕಲ್ಕತ್ತೆಯ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆಂದು 1937ರ ಕೊನೆಯಲ್ಲಿ ಭಾರತಕ್ಕೆ ಬಂದ ಯುಂಗ್, ಆ ಪ್ರವಾಸದಲ್ಲೇ ಮೈಸೂರು ಮಹಾರಾಜರ ಅತಿಥಿಯಾಗಿದ್ದರು. ನಮ್ಮ ಕೃಷ್ಣರಾಜನಗರಕ್ಕೆ ಹೆಸರು ಬಂದದ್ದು ಅದೇ ನಾಲ್ವಡಿ ಕೃಷ್ಣರಾಜ ಒಡೆಯರಿಂದ. ಮಹಾರಾಜರ ವೇದಾಂತ ಗುರು ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಯುಂಗ್ ದೀರ್ಘವಾಗಿ ಮಾತಾಡಿದರು. ಆದರೆ ಸಾಧುಸಂತರನ್ನು ಹುಡುಕಿಕೊಂಡು ಹೋಗಲಿಲ್ಲ. ತನ್ನ ಸತ್ಯವನ್ನು ತಾನೇ ಕಾಣಬೇಕೆಂಬುದು ಅವರು ಮುಂದೆ ಕೊಟ್ಟ ಕಾರಣ. ಮೈಸೂರಿಗೆ ಮನಶ್ಶಾಸ್ತ್ರ ಆಗ ಹೊಸದೇನಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ವಿಶ್ವವಿದ್ಯಾನಿಲಯದಲ್ಲಿ ಅದರ ವಿಭಾಗ ಕಟ್ಟಿದ್ದರು. (1935ರಲ್ಲಿ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದ ಗೋಪಾಲಸ್ವಾಮಿ ಇವರೇ.)

ಜನರನ್ನು ಮೊದಲ ನೋಟಕ್ಕೇ ಗುಂಪು ಗುಂಪಾಗಿ ತುಂಬುವುದು ಮಕ್ಕಳಾಟವೆಂಬ ಅರ್ಥದ ಎಚ್ಚರಿಕೆಯನ್ನು ಯುಂಗ್ 1934ರಲ್ಲೇ ಬರೆದಿದ್ದರು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಾಬೆಲ್ ಮೈಯರ್ಸ್ ಅದನ್ನು ಲೆಕ್ಕಿಸಲಿಲ್ಲ. ಮನಶ್ಶಾಸ್ತ್ರದ ತರಬೇತಿಯಿಲ್ಲದ ಈ ತಾಯಿ-ಮಗಳು 1940ರ ದಶಕದಲ್ಲಿ 16 ಗುಂಪುಗಳ ಪ್ರಶ್ನಾವಳಿ ಮಾಡಿದರು. ಕೆಲವು ವಾರ ಬಿಟ್ಟು ಮತ್ತೆ ಬರೆಸಿದರೆ ಅನೇಕರು ಬೇರೆ ಗುಂಪಿಗೆ ಬೀಳುತ್ತಾರೆ. ಹಕೀಮರಿಗಾದರೆ ಇದು ಆಶ್ಚರ್ಯವೆನಿಸುತ್ತಿರಲಿಲ್ಲ.

ನಮ್ಮನ್ನು ಕಾಡುವುದು ಬೇರೆ. ಒಬ್ಬನ ಮೈ ನೋಡಿ ಹೇಳಬೇಕಾದ ಮಾತನ್ನು ಒಂದು ಜನಕ್ಕೇ ಹೇಳಿಬಿಡುತ್ತೇವೆ. ಬ್ರಿಟಿಷರು 1871ರ ಕಾಯ್ದೆಯಲ್ಲಿ ಇಡೀ ಬುಡಕಟ್ಟುಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿದರು. ಕಾಯ್ದೆ 1952ರಲ್ಲಿ ರದ್ದಾದರೂ ಹಣೆಪಟ್ಟಿ ಉಳಿಯಿತು. 'ಮಾಂಸ ತಿನ್ನುವವರು, ಕೋಪಿಷ್ಠರು' ಎಂದು ನಮ್ಮ ಬಗ್ಗೆ ಬಸ್ಸಿನಲ್ಲಿ ಕೇಳಿದ್ದೇವೆ. ಗೀತೆಯ ಹದಿನೇಳನೆಯ ಅಧ್ಯಾಯ ಆಹಾರವನ್ನು ಮೂರು ಗುಣಗಳಿಗೆ ಹೊಂದಿಸುತ್ತದೆ ನಿಜ, ಅಲ್ಲಿ ಮಾಂಸದ ಹೆಸರೇ ಇಲ್ಲ. ನಾವೂ ಕಡಿಮೆಯವರಲ್ಲ. ಹೆಣ್ಣು ನೋಡಲು ಹೋಗುವ ಮುಂಚೆ ಇಂಥ ಬಿರಾದರಿಯವರು ಜಿಪುಣರು, ಇಂಥವರು ಮುಂಗೋಪಿಗಳು ಎಂದು ತೀರ್ಮಾನಿಸಿಯೇ ಜೀಪು ಹತ್ತುತ್ತೇವೆ. ಕುರ್‌ಆನ್ ನಫ್ಸಿನ ಮೂರು ಬಗೆ ಹೇಳುತ್ತದೆ: ಕೆಡುಕಿಗೆ ಎಳೆಯುವುದು, ತನ್ನನ್ನೇ ಹಳಿದುಕೊಳ್ಳುವುದು, ನೆಮ್ಮದಿ ಕಂಡದ್ದು. ಉಲೇಮಾಗಳಲ್ಲಿ ಬಹಳ ಮಂದಿ ಇವನ್ನು ಮೂರು ಜಾತಿಯ ಮನುಷ್ಯರೆಂದು ಓದಲಿಲ್ಲ, ಒಬ್ಬನ ಒಳಗೇ ಬಂದುಹೋಗುವ ಮೂರು ಸ್ಥಿತಿಗಳೆಂದು ಓದಿದರು. 'ಮಿಜಾಜ್ ಹೇಗಿದೆ' ಎಂದು ಕೇಳಿದಾಗ ನಮ್ಮಲ್ಲಿ ಯಾರೂ 'ನಾನು ಸಫ್ರಾವಿ' ಎನ್ನುವುದಿಲ್ಲ. ನಿನ್ನೆಗಿಂತ ಇವತ್ತು ವಾಸಿ ಎನ್ನುತ್ತಾರೆ, ಇಲ್ಲವೆ ರಾತ್ರಿಯೆಲ್ಲ ನಿದ್ದೆಯಿಲ್ಲ ಎನ್ನುತ್ತಾರೆ.